ಟಿಕೆಟ್ಟಿಲ್ಲದ ನಾಟಕ

ಸಹಿ ಮಾಡಬೇಕಾದ ಕಾಗದ ಒಂದೇ ಪುಟದ್ದು, ಅದರಲ್ಲಿ ನಾಲ್ಕೇ ಸಾಲು. ನಾಲ್ಕನೆಯ ಸಾಲು ಓದಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ನಾಟಕ ಬರೆದವರಿಂದ ಲಿಖಿತ ಅನುಮತಿ ಪಡೆದಿದ್ದೇವೆ, ಕೃತಿಸ್ವಾಮ್ಯದ ತಕರಾರು ಬಂದರೆ ಕೆಳಗೆ ಸಹಿ ಮಾಡಿದವನೇ ಹೊಣೆ ಎಂದು ಅಲ್ಲಿ ಬರೆದಿತ್ತು. ಕೆಳಗೆ ಸಹಿ ಮಾಡಬೇಕಾದವನು ಬಸ್ ಡಿಪೋ ನೌಕರರ ನಾಟಕ ಸಂಘದ ಕಾರ್ಯದರ್ಶಿ. ಅಂದರೆ ನಾನು.

ನಾನು ಡಿಪೋದ ಟೈಮ್‌ಕೀಪರ್. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವುದೇ ನನ್ನ ಕೆಲಸ. ‘ಎರಡು ನಿಮಿಷ ಹಿಂದೆ ಹಾಕ್ಕೊಳ್ಳಿ’ ಎಂದು ಡ್ರೈವರುಗಳು ಹಲ್ಲುಗಿಂಜಿದ್ದಾರೆ, ಕಣ್ಣು ಕೆಂಪು ಮಾಡಿದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಒಂದು ನಿಮಿಷವನ್ನೂ ನಾನು ಸುಳ್ಳು ಬರೆದಿಲ್ಲ. ಅದಕ್ಕೇ ಎಲ್ಲರೂ ನನ್ನನ್ನು ಟೈಮಣ್ಣ ಎನ್ನುತ್ತಾರೆ. ಅದರಲ್ಲಿ ಪ್ರೀತಿ ಎಷ್ಟು, ಗೇಲಿ ಎಷ್ಟು ಎಂದು ಕೇಳಲು ಹೋಗಿಲ್ಲ.

ಇಂಥ ನಾನು ಒಂದು ಕಳ್ಳತನದಲ್ಲಿ ಹನ್ನೊಂದು ವರ್ಷದಿಂದ ಪಾಲುದಾರ. ನಮ್ಮ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ, ಡಿಪೋದ ಹಿಂದಿನ ಟೈರ್ ಶೆಡ್ಡಿನಲ್ಲಿ. ವರ್ಷಕ್ಕೊಂದು ಎಂದರೆ ವರ್ಷಕ್ಕೊಂದು ಹೊಸದಲ್ಲ, ಅದೇ ಒಂದು. ಪಾರ್ಟು ಒಮ್ಮೆ ಬಾಯಿಗೆ ಬಂದ ಮೇಲೆ ಇನ್ನೊಂದು ಕಲಿಯುವ ಉಸಾಬರಿ ಯಾರಿಗೆ ಬೇಕು? ನಾನು ಪರದೆಯ ಪಕ್ಕದಲ್ಲಿ ನಿಂತು ಮಾತು ಮರೆತವರಿಗೆ ಪಿಸುಗುಟ್ಟುತ್ತೇನೆ. ನಿರ್ದೇಶಕರು ನಮ್ಮ ಚೆಕಿಂಗ್ ಇನ್‌ಸ್ಪೆಕ್ಟರ್. ಹಗಲೆಲ್ಲ ಬಸ್ಸು ಹತ್ತಿ ಟಿಕೆಟ್ಟಿಲ್ಲದವರ ಕಾಲರು ಹಿಡಿಯುವ ಮನುಷ್ಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ತಾಲೀಮಿಗೆ ಬರಬೇಕು.

ಹನ್ನೊಂದು ವರ್ಷದ ಹಿಂದೆ ಅವರು ಹಳೆ ಪುಸ್ತಕದ ಅಂಗಡಿಯಿಂದ ಒಂದು ತೆಳ್ಳಗಿನ ನಾಟಕ ತಂದರು. ಹೆಸರು ‘ಗಡಿಯಾರದಂಗಡಿಯ ಹೆಂಡತಿ’. ಮೊದಲ ಹಾಳೆಯಲ್ಲಿ ಲೇಖಕಿಯ ಹೆಸರು, ವಿಳಾಸ, ಅದರ ಕೆಳಗೆ, ‘ಇದನ್ನು ಆಡುವವರು ಮೊದಲು ನನ್ನ ಒಪ್ಪಿಗೆ ಪಡೆಯಬೇಕು’ ಎಂಬ ಸಾಲು.

“ಆ ಹಾಳೆ ಕಿತ್ತುಬಿಡು ಟೈಮಣ್ಣ,” ಎಂದರು ಇನ್‌ಸ್ಪೆಕ್ಟರ್. “ಹಾಳೆ ಇಲ್ಲದಿದ್ರೆ ನಾವು ಓದಿಲ್ಲ. ಓದದೇ ಇದ್ರೆ ನಮಗೆ ಗೊತ್ತಿಲ್ಲ.”

ನಾನು ಕಿತ್ತೆ. ಆದರೆ ಬಿಸಾಕಲು ಕೈ ಬರಲಿಲ್ಲ. ಇಸವಿ ಹಾಕಿ ಹಳೆಯ ಟ್ರಿಪ್ ಶೀಟುಗಳ ಕಟ್ಟಿನಲ್ಲಿ ಸೇರಿಸಿಟ್ಟೆ. ನಾಟಕಕ್ಕೆ ಇನ್‌ಸ್ಪೆಕ್ಟರ್ ‘ಟಿಕ್ ಟಿಕ್ ಗಂಡ’ ಎಂದು ಹೊಸ ಹೆಸರಿಟ್ಟರು, ಜನ ಬರಬೇಕಲ್ಲ. ಅಲ್ಲಲ್ಲಿ ತಮ್ಮ ಮಾತನ್ನೂ ಸೇರಿಸಿದರು. ಗ್ರೀಸು ಹತ್ತಿದ ಕೈಗಳಲ್ಲಿ ಓಡಾಡಿ ಪುಸ್ತಕ ಎರಡನೇ ವರ್ಷಕ್ಕೇ ಚಿಂದಿಯಾಯಿತು. ಅಷ್ಟರಲ್ಲಿ ನಾನು ಪೂರ್ತಿ ನಾಟಕವನ್ನು ಒಂದು ಉದ್ದ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಇನ್‌ಸ್ಪೆಕ್ಟರ ಮಾತುಗಳೂ ಅದರಲ್ಲೇ ಬೆರೆತಿದ್ದವು.

ಟೈರ್ ಶೆಡ್ಡಿನಲ್ಲಿ ಇರುವ ತನಕ ಯಾರೂ ಕೇಳಲಿಲ್ಲ. ಈ ವರ್ಷದ ಆಟವನ್ನು ಶೆಡ್ಡಿಗೇ ಬಂದು ನೋಡಿದ ತೀರ್ಪುಗಾರರು ಎಲ್ಲ ಡಿಪೋಗಳ ಸ್ಪರ್ಧೆಯ ಕೊನೆಯ ಸುತ್ತಿಗೆ ನಮ್ಮನ್ನು ಆರಿಸಿಬಿಟ್ಟರು. ಕೊನೆಯ ಸುತ್ತು ದೊಡ್ಡ ಸಭಾಂಗಣದಲ್ಲಿ, ನಿಜವಾದ ಪರದೆ, ನಿಜವಾದ ದೀಪ, ಶನಿವಾರ ಸಂಜೆ. ಸಭಾಂಗಣದ ಮ್ಯಾನೇಜರು ಈ ಕಾಗದ ಕೊಟ್ಟು, ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಅನುಮತಿ ಪತ್ರದ ಜೊತೆ ತಲುಪಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವುದಿಲ್ಲ ಎಂದರು. ಅವರು ಮಾಮೂಲಿಯಾಗಿ ನನ್ನ ಮುಖ ನೋಡಿದರಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಚೀಲದಲ್ಲಿದ್ದ ನೋಟ್‌ಬುಕ್ಕನ್ನು ಕಂಕುಳಿಗೆ ಒತ್ತಿಕೊಂಡೆ. ಅದರ ತುಂಬ ಇದ್ದದ್ದು ನನ್ನ ಕೈಬರಹ.

ಮಂಗಳವಾರ ಇನ್‌ಸ್ಪೆಕ್ಟರ್ ನನ್ನ ಕಿಟಕಿಗೆ ಬಂದರು. “ಸಹಿ ಆಯ್ತಾ?”

“ಅನುಮತಿ ಪತ್ರ ಎಲ್ಲಿದೆ ಸಾರ್?”

“ಅಯ್ಯೋ, ನಾಲ್ಕು ಸಾಲು ನಾವೇ ಬರೆದ್ರಾಯ್ತು. ಬರೆದೋರು ಎಲ್ಲಿದ್ದಾರೋ, ಇದ್ದಾರೋ ಇಲ್ವೋ. ಹನ್ನೊಂದು ವರ್ಷದಲ್ಲಿ ಯಾರಾದ್ರೂ ಬಂದು ಕೇಳಿದ್ರಾ? ಮೌನಂ ಸಮ್ಮತಿ ಲಕ್ಷಣಂ.”

“ಅವರಿಗೆ ವಿಷಯಾನೇ ಗೊತ್ತಿಲ್ಲ. ಗೊತ್ತಿದ್ದು ಸುಮ್ಮನಿದ್ರೆ ತಾನೆ ಮೌನ?”

“ಹಾಗಾದ್ರೆ ನಿನ್ನ ಹೆಸರೇ ಹಾಕು. ರಚನೆ, ಟೈಮಣ್ಣ. ಪೂರ್ತಿ ನಾಟಕ ನಿನ್ನ ಕೈಯಲ್ಲೇ ಬರೆದಿದೆಯಲ್ಲ.”

“ಟಿಕೆಟ್ ಇಲ್ಲದೆ ಹತ್ತಿದವನು ‘ಇದು ನಂದೇ ಬಸ್ಸು’ ಅಂದ್ರೆ ನೀವು ಬಿಡ್ತೀರಾ ಸಾರ್?”

ಅವರ ಮುಖ ಕೆಂಪಾಯಿತು. “ಬಸ್ಸೇ ಬೇರೆ, ನಾಟಕಾನೇ ಬೇರೆ. ನಾಟಕ ಆಡಿದ್ರೆ ಸೀಟೇನೂ ಸವೆಯಲ್ಲ.” ಆಮೇಲೆ ಕಿಟಕಿಯೊಳಗೆ ಬಾಗಿ ದನಿ ತಗ್ಗಿಸಿದರು. “ಮುಂದಿನ ತಿಂಗಳು ನಂಗೆ ನಿವೃತ್ತಿ ಕಣೋ. ಒಂದು ಸಲ, ಒಂದೇ ಸಲ, ಟೈರು ವಾಸನೆ ಇಲ್ಲದ ಕಡೆ ನಾಟಕ ಮಾಡಿಸ್ಬೇಕು ಅಂತ ಆಸೆ. ನಿನ್ನ ಒಂದು ಸಹಿಗೆ ಅದನ್ನೂ ಹಾಳು ಮಾಡ್ತೀಯಾ?”

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಹೀಗೆ ಬೇಡಿಕೊಂಡರೆ ಏನು ಮಾಡುವುದು? ಸಹಿ ಮಾಡಿದರೆ ಸುಳ್ಳು ದಾಖಲೆ, ಸಿಕ್ಕಿಬಿದ್ದರೆ ಕೆಲಸ. ಮಾಡದಿದ್ದರೆ ತಂಡದ ಹದಿನಾಲ್ಕು ಜನರ ಶಾಪ. ಅತ್ತ ದರಿ, ಇತ್ತ ಪುಲಿ. ಅವತ್ತು ಸಂಜೆ ಮೂವತ್ತೊಂದನೇ ನಂಬರ್ ಬಸ್ಸು ಬಂದ ಸಮಯವನ್ನು ಹೊರಟ ಸಮಯದ ಕಾಲಮಿನಲ್ಲಿ ಬರೆದೆ. ಹೊಡೆದುಹಾಕಿ ತಿದ್ದಿದೆ.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು.

“ರೀ, ಆ ಹಾಳೇಲಿ ವಿಳಾಸ ಇದೆ ಅಂದ್ರಲ್ಲ. ಹೋಗಿ ಕೇಳಿ.”

“ಏನಂತ ಕೇಳಲಿ?”

“ಹನ್ನೊಂದು ಸಲ ಕದ್ವಿ, ಹನ್ನೆರಡನೇದಕ್ಕೆ ಕೇಳೋಣ ಅನ್ನಿಸ್ತು ಅಂತ.”

“ನಿನಗೆ ತಮಾಷೆ.”

“ತಮಾಷೆ ಅಲ್ಲ. ನೀವು ಸಹಿ ಮಾಡಿ ಬಂದ್ರೂ ಹೀಗೇ ಕೂತಿರ್ತೀರಿ, ಮಾಡದೇ ಬಂದ್ರೂ ಹೀಗೇ ಕೂತಿರ್ತೀರಿ. ಬೇಯಿಸಿ ಹಾಕೋಳು ನಾನು. ಹೋಗಿ ಬನ್ನಿ.”

ಬುಧವಾರ ಅರ್ಧ ದಿನ ರಜೆ ಬರೆದು, ಆ ಹಾಳೆಯನ್ನೂ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹದಿನಾಲ್ಕನೇ ನಂಬರ್ ಬಸ್ಸು ಹತ್ತಿದೆ. ವಿಳಾಸ ಅದೇ ದಾರಿಯಲ್ಲಿತ್ತು, ನಮ್ಮ ಡಿಪೋದಿಂದ ಬರೀ ಇಪ್ಪತ್ತೆರಡು ನಿಮಿಷ. ಆ ನಂಬರನ್ನು ದಿನಕ್ಕೆ ಮೂವತ್ತು ಸಲ ಬರೆಯುವವನು ನಾನೇ. ಆಕೆ ಮನೆ ಬಿಟ್ಟು ಹೋಗಿರಲಿ ಎಂದು ಒಂದು ಸ್ಟಾಪಿನಲ್ಲಿ ಬೇಡಿಕೊಂಡೆ, ಸಿಕ್ಕಲಿ ಎಂದು ಮುಂದಿನದರಲ್ಲಿ.

ವಿಳಾಸದಲ್ಲಿ ಇದ್ದದ್ದು ಒಂದು ಗುಂಡಿ ಅಂಗಡಿ. ಅಂಗಿ ಗುಂಡಿ, ಕೋಟಿನ ಗುಂಡಿ, ದಾರ, ಜಿಪ್ಪು, ಲೇಸು. ಗೋಡೆಯ ತುಂಬ ಉದ್ದುದ್ದ ಡಬ್ಬಿಗಳು, ಪ್ರತಿಯೊಂದರ ಮುಚ್ಚಳಕ್ಕೂ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದಿತ್ತು. ಕೌಂಟರಿನ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು, ಕನ್ನಡಕ ಹಣೆಯ ಮೇಲೆ.

“ಎಷ್ಟು ತೂತಿಂದು?” ಎಂದು ಕೇಳಿದರು.

“ಏನು?”

“ಗುಂಡಿ. ಎರಡು ತೂತಿಂದಾ, ನಾಲ್ಕಾ?”

ಉತ್ತರ ಹೇಳುವ ಬದಲು ಹಾಳೆ ತೆಗೆದು ಕೌಂಟರಿನ ಮೇಲಿಟ್ಟೆ. ಅವರು ಕನ್ನಡಕ ಇಳಿಸಿಕೊಂಡು ನೋಡಿದರು. ಸುಮಾರು ಹೊತ್ತು ನೋಡಿದರು. ಆಮೇಲೆ ಕೌಂಟರಿನ ಬಾಗಿಲು ತೆಗೆದು ಹೊರಗೆ ಬಂದು, ನನಗೆ ಅಂಗಡಿಯ ಒಂದೇ ಒಂದು ಕುರ್ಚಿ ಸರಿಸಿದರು.

“ಇದು ನಿಮಗೆಲ್ಲಿ ಸಿಕ್ತು?”

“ಹಳೇ ಪುಸ್ತಕದಂಗಡೀಲಿ, ಮೇಡಂ. ನಮ್ಮದು ಬಸ್ ಡಿಪೋ ನಾಟಕ ಸಂಘ. ಈ ಶನಿವಾರ ಇದನ್ನ ಆಡ್ಬೇಕು ಅಂತ... ನಿಮ್ಮ ಒಪ್ಪಿಗೆ ಬೇಕಿತ್ತು.”

ಹೇಳಿದ ಒಂದೊಂದು ಮಾತೂ ನಿಜವೇ. ಒಟ್ಟಿಗೆ ಸೇರಿದಾಗ ಮಾತ್ರ ಸುಳ್ಳಾಗಿತ್ತು. ಇದನ್ನು ಕೇಳಿಸಿಕೊಂಡ ಅವರ ಮುಖ ನೋಡಲಾರದೆ ನಾನು ಡಬ್ಬಿಗಳ ಕಡೆ ನೋಡಿದೆ.

“ಒಪ್ಪಿಗೆ ಕೇಳ್ಕೊಂಡು ಬಂದಿದ್ದೀರಾ!” ಎಂದರು. ನಕ್ಕರು, ಸೆರಗಿನಿಂದ ಮೂಗು ಒರೆಸಿಕೊಂಡರು, ಮತ್ತೆ ನಕ್ಕರು. “ಗೊತ್ತಾ, ಇದು ಅಚ್ಚಾದ ಮೇಲೆ ಒಬ್ಬರೂ ಕೇಳಲಿಲ್ಲ. ಎರಡು ವರ್ಷ ದಿನಾ ಅಂಚೆಯವನ ದಾರಿ ಕಾದೆ. ಪ್ರಕಾಶಕರನ್ನ ಕೇಳಿದ್ರೆ, ‘ಯಾರೂ ಆಡಲ್ಲ ಅಂದ್ರೆ ಆಡೋ ಹಾಗಿಲ್ಲ ಅಂತ ಅರ್ಥ’ ಅಂದ್ರು. ಇನ್ನೊಂದು ನಾಟಕ ಅರ್ಧ ಬರೆದಿದ್ದೆ. ಯಾರಿಗೋಸ್ಕರ ಅಂತ ಬಿಟ್ಟುಬಿಟ್ಟೆ. ಗುಂಡಿ ಆದ್ರೆ ಜನ ಕೇಳ್ಕೊಂಡು ಬರ್ತಾರೆ.”

ಅಂಗಡಿಯ ಹೆಸರಿದ್ದ ಕಾಗದದಲ್ಲೇ ಅನುಮತಿ ಬರೆದು ಸಹಿ ಹಾಕಿದರು. ಸಂಭಾವನೆ ಎಷ್ಟು ಎಂದು ತೊದಲಿದ್ದಕ್ಕೆ, “ಏನೂ ಬೇಡ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಡಿ. ನನ್ನ ನಾಟಕದ ಮೊದಲ ಪ್ರದರ್ಶನ, ನಾನು ನೋಡಬೇಡ್ವಾ?” ಎಂದರು.

ಪತ್ರವನ್ನು ಒಳಜೇಬಿಗೆ ಸೇರಿಸಿ ಆಚೆ ಬಂದೆ. ಸ್ಟಾಪು ಅಂಗಡಿಯ ಎದುರಿಗೇ ಇತ್ತು. ಕೆಲಸ ಮುಗಿದಿತ್ತು. ಕಾನೂನಿನ ಪ್ರಕಾರ ಎಲ್ಲ ಸರಿ, ಸಹಿ ಮಾಡಬಹುದು, ಇನ್‌ಸ್ಪೆಕ್ಟರಿಗೆ ಖುಷಿ, ಹೆಂಡತಿಗೂ ನೆಮ್ಮದಿ. ಆದರೂ ಬಸ್ಸಿನ ದಾರಿ ನೋಡುವ ಬದಲು ನಾನು ಅಂಗಡಿಯ ಕಡೆಗೇ ತಿರುಗಿ ನಿಂತಿದ್ದೆ. ಗಾಜಿನ ಆಚೆ ಅವರು ನಾನು ಮರೆತು ಬಂದಿದ್ದ ಹಾಳೆಯನ್ನು ಹಿಡಿದುಕೊಂಡು ಕೂತಿದ್ದರು. ಮುಂಬದಿ ಓದಿ, ತಿರುಗಿಸಿ ಖಾಲಿಯಿದ್ದ ಹಿಂಬದಿಯನ್ನೂ ನೋಡಿ, ಮತ್ತೆ ಮುಂಬದಿ ಓದುತ್ತಿದ್ದರು. ಶನಿವಾರ ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಮ್ಮವರಲ್ಲಿ ಯಾರಾದರೂ ಒಬ್ಬರು, ‘ಹನ್ನೆರಡನೇ ಸಲ ಅಲ್ವಾ, ನೀರು ಕುಡಿದ ಹಾಗೆ’ ಎಂದು ಅವರ ಕಿವಿಗೆ ಬೀಳುವ ಹಾಗೆ ಅಂದೇ ಅನ್ನುತ್ತಾರೆ.

ಹದಿನಾಲ್ಕನೇ ನಂಬರ್ ಬಂತು. “ಹತ್ತಿ ಟೈಮಣ್ಣ, ಆಗ್ಲೇ ಮೂರು ನಿಮಿಷ ಲೇಟು, ನೀವೇ ಬರೀತೀರ,” ಎಂದು ಕಂಡಕ್ಟರು ಕೂಗಿದ. ಹೋಗು ಎಂದು ಕೈ ಮಾಡಿ ರಸ್ತೆ ದಾಟಿದೆ.

ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ. ಕೂತರೆ ಧೈರ್ಯ ಉಳಿಯುತ್ತಿರಲಿಲ್ಲ. ಹಾಳೆ ಕಿತ್ತದ್ದು, ಹೆಸರು ಬದಲಾಯಿಸಿದ್ದು, ಎಲ್ಲ.

ಅವರು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು. “ಎಷ್ಟು ಸಲ?”

“ಹನ್ನೊಂದು.”

“ಏನು ಹೆಸರಿಟ್ಟಿದ್ರಿ?”

ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. “ಟಿಕ್ ಟಿಕ್ ಗಂಡ.”

“ಟಿಕ್ ಟಿಕ್ ಗಂಡ,” ಎಂದು ಅವರೂ ಒಮ್ಮೆ ಹೇಳಿದರು. “ಜನ ಬರ್ತಿದ್ರಾ?”

“ಶೆಡ್ಡು ತುಂಬ್ತಿತ್ತು ಮೇಡಂ. ಜಾಗ ಸಾಲದೆ ಟೈರಿನ ಮೇಲೆ ಹತ್ತಿ ಕೂರ್ತಿದ್ರು.”

ಅವರ ಕಣ್ಣು ತುಂಬಿತು. ಆಮೇಲೆ ಬಂದದ್ದು ಸಿಟ್ಟು.

“ಆ ಬಸ್ಸು ನನ್ನ ಬಾಗಿಲ ಮುಂದೇನೇ ನಿಲ್ಲತ್ತೆ. ದಿನಾ ನೋಡ್ತೀನಿ. ಹನ್ನೊಂದು ವರ್ಷದಲ್ಲಿ ಒಬ್ಬರಾದ್ರೂ ಇಳಿದು ಬಂದು, ‘ಆಡಿದ್ವಿ, ಜನ ಬಂದಿದ್ರು’ ಅಂತ ಒಂದು ಮಾತು ಹೇಳಬಾರದಿತ್ತಾ? ದುಡ್ಡು ಕೊಡದಿದ್ರೆ ಹಾಳಾಗಿ ಹೋಗ್ಲಿ. ನಾನು ಬರೆಯೋದು ಬಿಡ್ತಿರಲಿಲ್ಲ ಕಣ್ರೀ.”

ಇಷ್ಟು ದಿನ ನಾನು ಹೆದರಿದ್ದು ಕೋರ್ಟಿಗೆ, ಕೆಲಸಕ್ಕೆ, ಮ್ಯಾನೇಜರಿಗೆ. ಇದಕ್ಕೆ ಹೆದರಬೇಕು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ತಪ್ಪಾಯ್ತು ಎಂದೆ. ಅವರು ಕೈ ಚಾಚಿದರು.

“ಪತ್ರ ಕೊಡಿ ಇಲ್ಲಿ.”

ಕೊಟ್ಟೆ. ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದರು. ‘ನಾನಿಟ್ಟ ಹೆಸರಿನಲ್ಲಿ, ನಾನು ಬರೆದ ಮಾತುಗಳನ್ನು ಮಾತ್ರ ಆಡತಕ್ಕದ್ದು.’ ಮತ್ತೊಂದು ಸಹಿ ಹಾಕಿ, ಪತ್ರವನ್ನು ದೊಡ್ಡ ಕತ್ತರಿಯ ಕೆಳಗಿಟ್ಟರು.

“ಪುಸ್ತಕ ತೆಗೀರಿ. ನನ್ನ ಮಾತು ಯಾವುದು, ನಿಮ್ಮ ಸೇರ್ಪಡೆ ಯಾವುದು, ನೋಡೋಣ. ಎಲ್ಲ ಬೇರೆ ಆದ ಮೇಲೆ ಪತ್ರ ತಗೊಂಡು ಹೋಗಿ.”

“ಪುಸ್ತಕ ಚಿಂದಿ ಆಗೋಯ್ತು ಮೇಡಂ. ಇರೋದು ಈ ನೋಟ್‌ಬುಕ್ಕೊಂದೇ. ನಿಮ್ಮ ಹತ್ರ ಒಂದು ಪ್ರತಿ ಇರುತ್ತಲ್ಲ?”

“ಇದ್ದದ್ದೊಂದು. ಓದಿ ಕೊಡ್ತೀನಿ ಅಂತ ಒಬ್ಬರು ತಗೊಂಡು ಹೋದ್ರು. ಇನ್ನೂ ಓದ್ತಿದ್ದಾರೆ.”

ಹಾಗಾದರೆ ಅವರ ನಾಟಕ ಎಂದು ಈಗ ಉಳಿದಿರುವುದು ನನ್ನ ಕೈಬರಹದಲ್ಲಿ, ಇನ್‌ಸ್ಪೆಕ್ಟರ ಕಲಬೆರಕೆಯೊಡನೆ. ನೋಟ್‌ಬುಕ್ಕನ್ನು ಅವರ ಮುಂದೆ ಬಿಚ್ಚಿದಾಗ ಅದರಂಚಿನ ಗ್ರೀಸು ಕಂಡು ಒರೆಸಲು ಹೋದೆ, ಇನ್ನಷ್ಟು ಹರಡಿತು. ಅವರು ಪೆನ್ಸಿಲ್ ಹಿಡಿದು ಕೂತರು. ನಾನು ಓದಿದೆ.

ಮೊದಮೊದಲು ಸಲೀಸಾಗಿತ್ತು. ಗಡಿಯಾರ ರಿಪೇರಿಯವನು ತನ್ನ ಅಂಗಡಿಗೆ ಬಂದ ಗಿರಾಕಿಗೆ, “ಒಳಗೆ ಜಾಗ ಇದೆ, ಮುಂದೆ ನಡೀರಿ, ಮುಂದೆ ನಡೀರಿ,” ಎನ್ನುತ್ತಾನೆ.

“ಇದು ನಂದಲ್ಲ.”

“ಅಲ್ಲ ಮೇಡಂ. ಇನ್‌ಸ್ಪೆಕ್ಟರದು.”

“ಚಿಲ್ಲರೆ ಕೊಟ್ಟು ಸಹಕರಿಸಿ?”

“ಅದೂ ಅವರದೇ.”

ಪೆನ್ಸಿಲ್ ಗೀಟೆಳೆಯುತ್ತಾ ಹೋಯಿತು. ಐದನೇ ಪುಟದಲ್ಲಿ ಒಂದು ಸಾಲಿನ ಮೇಲೆ ನಿಂತಿತು. ಅವರು ಅದನ್ನು ಇನ್ನೊಮ್ಮೆ ಓದಿಸಿದರು, ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಇದು ಗೊತ್ತಾಗ್ತಿಲ್ಲ.”

“ನಿಮ್ಮದೇ ಇರ್ಬೇಕು ಮೇಡಂ.”

“ಇರ್ಬೇಕು ಅಂದ್ರೆ ಆಗಲ್ಲ. ನೀವು ಬರೆದೋರು, ನಿಮಗೆ ನೆನಪಿಲ್ವಾ?”

ನನಗೆ ನೆನಪಿರಲಿಲ್ಲ. ಹನ್ನೊಂದು ವರ್ಷ ಒಂದೇ ಉಸಿರಿನಲ್ಲಿ ಪಿಸುಗುಟ್ಟಿದ ಮಾತುಗಳು ನಾಲಿಗೆಯಲ್ಲಿ ಒಂದಾಗಿಬಿಟ್ಟಿದ್ದವು. ಅವರು ಆ ಸಾಲಿನ ಪಕ್ಕದಲ್ಲೊಂದು ಪ್ರಶ್ನೆಯ ಗುರುತು ಹಾಕಿದರು. ಮುಂದಿನ ಪುಟದಲ್ಲಿ ಅಂಥದೇ ಮೂರು. ಪುಟ ಹಿಂದೆ ತಿರುಗಿಸಿ ಮತ್ತೆ ಓದಿಸಿದರು. ತಾನು ಬರೆದದ್ದೇ ತನಗೆ ಗುರುತು ಸಿಗುತ್ತಿಲ್ಲವಲ್ಲ ಎಂದು ಅವರಿಗೆ ಭಯ. ಅದಕ್ಕೆ ಕಾರಣ ನಾನಲ್ಲವೇ ಎಂದು ನನಗೆ. ಪತ್ರದ ಆಸೆ ನನ್ನ ಮನಸ್ಸಿನಿಂದ ಹೋಗಿಯೇಬಿಟ್ಟಿತ್ತು.

ಅಷ್ಟರಲ್ಲಿ ಕೈಯಲ್ಲಿ ಗಂಡಸರ ಅಂಗಿ ಹಿಡಿದು ಒಬ್ಬ ಹೆಂಗಸು ಬಂದರು. “ಇದಕ್ಕೆ ಹೊಂದೋ ಗುಂಡಿ ಒಂದು...”

“ಒಂದು ನಿಮಿಷ ಇರಮ್ಮಾ,” ಎಂದು ಹೇಳಿ ಲೇಖಕಿ ನನಗೆ ಓದಲು ಸನ್ನೆ ಮಾಡಿದರು.

ಎರಡನೇ ಅಂಕ. ಗಂಡನಿಗೆ ದಿನವಿಡೀ ಅವರಿವರ ಗಡಿಯಾರದ್ದೇ ಚಿಂತೆ, ಮನೆಯವಳ ಕಡೆ ತಿರುಗಿ ನೋಡಲು ಹೊತ್ತಿಲ್ಲ. ಒಂದು ದಿನ ಹೆಂಡತಿ ಅಂಗಡಿಯ ಎಲ್ಲ ಗಡಿಯಾರಗಳನ್ನೂ ನಿಲ್ಲಿಸಿಬಿಟ್ಟು ಸುಮ್ಮನೆ ಕೂತಿದ್ದಾಳೆ. ಗಂಡ ಒಳಗೆ ಬಂದು ತಲೆ ಮೇಲೆ ಕೈ ಹೊತ್ತುಕೊಂಡು, ‘ಇವಳೇ, ಇವಳೇ’ ಎಂದು ಕೂಗುತ್ತಾನೆ. ನನಗೆ ಓದಬೇಕಾದ ಅಗತ್ಯವಿರಲಿಲ್ಲ, ಬಾಯಿಪಾಠ.

“ಎಲ್ಲಾ ನಿಲ್ಲಿಸಿಬಿಟ್ಟೆಯಲ್ಲೇ! ಈಗ ಗಂಟೆ ಎಷ್ಟು ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಹೊಟ್ಟೆ ಹಸಿದಾಗ ಗೊತ್ತಾಗುತ್ತೆ. ನನಗೊಂದು ಹೆಸರಿರೋದೂ ಆಗಲೇ ನೆನಪಾಗುತ್ತೆ.”

ಅಂಗಿಯ ಹೆಂಗಸು ಗೊಳ್ಳೆಂದು ನಕ್ಕರು. ಅಂಗಿಯಿಂದಲೇ ಬಾಯಿ ಮುಚ್ಚಿಕೊಂಡು, “ನಮ್ಮನೆಯವರ ಹಾಗೇ ಇದ್ದಾನಲ್ಲ!” ಎಂದರು. ಇನ್ನೂ ನಗುತ್ತಿದ್ದಂತೆಯೇ ಅವರ ಕಣ್ಣಂಚು ಒದ್ದೆಯಾಯಿತು.

ಟೈರ್ ಶೆಡ್ಡಿನಲ್ಲೂ ಜನ ಈ ಮಾತಿಗೇ ನಗುತ್ತಿದ್ದರು, ಪ್ರತಿ ವರ್ಷವೂ. ನಗಿಸುವ ಮಾತು ಎಂದರೆ ಇನ್‌ಸ್ಪೆಕ್ಟರದೇ ಎಂದು ಅವರೂ ಹೇಳಿಕೊಳ್ಳುತ್ತಿದ್ದರು, ನಾವೂ ನಂಬಿದ್ದೆವು. ಇದೂ ಅವರದೇ ಆಗಿದ್ದರೆ? ತಮ್ಮ ನಾಟಕಕ್ಕೆ ಒಬ್ಬರು ನಕ್ಕಿದ್ದನ್ನು ಲೇಖಕಿ ಜೀವನದಲ್ಲಿ ಮೊದಲ ಸಲ ಕಂಡಿದ್ದಾರೆ. ಅದೂ ಕದ್ದವರ ಮಾತಿಗೇ ಆಗಿದ್ದರೆ ನಾನು ಈ ಅಂಗಡಿಯಿಂದ ಹೇಗೆ ಹೊರಗೆ ಹೋಗಲಿ? ಪೆನ್ಸಿಲ್ ಆ ಸಾಲಿನ ಮೇಲೆ ನಿಂತಿತ್ತು. ನಾನು ಅದನ್ನೇ ನೋಡಿದೆ.

ಅವರು ಪೆನ್ಸಿಲ್ ಕೆಳಗಿಟ್ಟರು. ಕತ್ತರಿ ಎತ್ತಿ, ಕೆಳಗಿದ್ದ ಪತ್ರವನ್ನು ನೋಡದೆಯೇ ನನ್ನ ಕಡೆ ಸರಿಸಿದರು. ಅವರು ನೋಡುತ್ತಿದ್ದದ್ದು ಆ ಗಿರಾಕಿಯ ಮುಖವನ್ನು.

“ಆ ಮಾತು ನಂದು,” ಎಂದರು. “ನಾನು ಬರೆದದ್ದು.”

ಗಿರಾಕಿ ಅಂಗಿಯನ್ನು ಮುಖದಿಂದ ಇಳಿಸಿದರು. ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು.

“ಕೂತ್ಕೊಳ್ಳಿ,” ಎಂದು ಲೇಖಕಿ ಎದ್ದು ಕುರ್ಚಿಯನ್ನು ಅವರ ಕಡೆ ಎಳೆದರು. “ಇನ್ನೂ ಇದೆ.”